ಏನಾಗಿ ಸತ್ತ ಎಂದು ಕೇಳುವ ಅತ್ತೆ

ನಮ್ಮ ಜನರಲ್ಲಿ ಸತ್ತವರ ಬಗ್ಗೆ ಮಾತಾಡುವುದೇ ಒಂದು ಕಾರ್ಯಕ್ರಮ. ಪುಣ್ಯಾನುಮೋದನ ಎನ್ನುತ್ತೇವೆ. ತೀರಿಕೊಂಡ ಕೆಲವು ದಿನಗಳ ಮೇಲೆ ಮನೆಯ ಮುಂದೆ ಶಾಮಿಯಾನ ಹಾಕಿ, ಬುದ್ಧನ ಮೂರ್ತಿಯ ಪಕ್ಕ ಹೋದವರ ಫೋಟೋ ಇಟ್ಟು, ಭಂತೇಜಿಯವರನ್ನು, ಅಂದರೆ ಬೌದ್ಧ ಭಿಕ್ಷುವನ್ನು, ಕರೆಸುತ್ತೇವೆ. ಬಂದವರೆಲ್ಲ ಬಿಳಿ ಬಟ್ಟೆಯಲ್ಲಿ ಕೂತು, ಕೈಮುಗಿದು, ಭಂತೇಜಿಯ ಹಿಂದೆ ಪಂಚಶೀಲ ಹೇಳುತ್ತಾರೆ. ಆಮೇಲೆ ಮೈಕು ಜನರ ಕೈಗೆ ಬರುತ್ತದೆ. ಬೀಗರು, ನೆರೆಯವರು, ಜೊತೆಗೆ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಎದ್ದು ಸತ್ತವರನ್ನು ಹೊಗಳುತ್ತಾರೆ. ಬದುಕಿದ್ದಾಗ ಚಹಾಕ್ಕೂ ಕರೆಯದವರು ಆವತ್ತು ಗಂಟಲು ಕಟ್ಟಿ ಮಾತಾಡುತ್ತಾರೆ. ಸಣ್ಣಾಕೆಯಿದ್ದಾಗಿಂದ ಇಂಥವು ಎಷ್ಟೋ ನೋಡಿದ್ದೇನೆ. ಊಟ ಚೆನ್ನಾಗಿರುತ್ತದೆ.

ನಾನು ಇವತ್ತು ಬದುಕಿದ್ದರೆ ಅದಕ್ಕೆ ಅಂಥದೊಂದು ಕಾರ್ಯಕ್ರಮ ಕಾರಣ. ಅದು ನನ್ನ ಗಂಡನದು.

ನನ್ನ ಹೆಸರು ಮಹಾನಂದಾ. ತವರು ಔರಾದ, ಕೊಟ್ಟದ್ದು ಭಾಲ್ಕಿಗೆ. ಬ್ಲೌಸು, ಮಕ್ಕಳ ಫ್ರಾಕು ಹೊಲಿಯುತ್ತೇನೆ. ನನಗೆ ಎಚ್‌ಐವಿ ಇದೆ. ಈ ಮಾತನ್ನು ಹೀಗೆ ಬರೆಯಲು ನನಗೆ ವರ್ಷಗಳೇ ಬೇಕಾದವು, ಹೇಳಲು ಕಲಿಸಿದವಳು ಮಾತ್ರ ತನ್ನ ಮಗನ ಬಗ್ಗೆ ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಆಕೆ ನನ್ನ ಅತ್ತೆ ಗಯಾಬಾಯಿ. ಸಾಯಗಾಂವದಲ್ಲಿ ಹುಟ್ಟಿದ ಹೆಣ್ಣು, ಬೆಳಿಗ್ಗೆದ್ದು ಹಲ್ಲಿಗೆ ಸುಟ್ಟ ತಂಬಾಕಿನ ಮಿಶ್ರಿ ತಿಕ್ಕದೆ ಯಾರ ಜೊತೆಗೂ ಮಾತಾಡುವುದಿಲ್ಲ, ತಿಕ್ಕಿದ ಮೇಲೆ ಯಾರನ್ನೂ ಬಿಡುವುದಿಲ್ಲ.

ನನ್ನ ಗಂಡ ಆನಂದ ಭಾಲ್ಕಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಮೆತ್ತನೆಯ ಮನುಷ್ಯ. ಜೋರಾಗಿ ಸೀನಿದರೂ ಸುತ್ತ ನೋಡುವವನು. ಅವನಿಗೆ ಈ ರೋಗ ಎಲ್ಲಿಂದ ಬಂತು ಎಂದು ಜನ ಮೊದಲು ಕೇಳುತ್ತಾರೆ. ಕೇಳುವವರಿಗೆ ಅದರಿಂದ ಏನು ಲಾಭವೋ ನನಗೆ ಇನ್ನೂ ತಿಳಿದಿಲ್ಲ, ಆದ್ದರಿಂದ ಹೇಳುವುದಿಲ್ಲ. ಅವನಿಗೆ ತನ್ನ ರೋಗ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎನ್ನುವುದು ನಿಜ. ಒಂದು ಸಲ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದವನು ಗುಳಿಗೆಗೆ ಮತ್ತೆ ಹೋಗಲೇ ಇಲ್ಲ. ಆ ಸಾಲಿನಲ್ಲಿ ನಿಂತಾಗ ಯಾವುದಾದರೂ ವಿದ್ಯಾರ್ಥಿಯ ತಂದೆ ನೋಡಿದರೆ? ಅಷ್ಟೇ ಅವನ ಭಯ. ಸಿಟ್ಟು ಬರುತ್ತದೆ, ಈಗಲೂ ಬರುತ್ತದೆ, ಸತ್ತವನ ಮೇಲೆ ಸಿಟ್ಟು ಮಾಡಬಾರದು ಎಂದು ನನಗೆ ಯಾರೂ ಹೇಳಬೇಡಿ.

ತಲೆನೋವು ಶುರುವಾಯಿತು. ಕಣ್ಣಿನ ಚಾಳೀಸಿನ ನಂಬರು ಬದಲಾಗಿರಬೇಕು ಎಂದ. ಆಮೇಲೆ ವಾಂತಿ, ಆಮೇಲೆ ಮಾತು ತೊದಲಿತು. ಬೀದರಿನ ದೊಡ್ಡ ದವಾಖಾನೆಗೆ ಒಯ್ಯುವಾಗ ಅವನಿಗೆ ನನ್ನ ಹೆಸರು ನೆನಪಾಗಲಿಲ್ಲ, ತನ್ನ ತಾಯಿಯ ಹೆಸರು ನೆನಪಿತ್ತು. ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ಅತ್ತೆಯನ್ನೂ, ಮೂಲೆಗೆ ಕರೆದು ಕೂಡಿಸಿ ಹೇಳಿದರು.

"ಅವರಿಗಿ ಎಚ್‌ಐವಿ ಅದರಿ. ಅದು ಮೈಯಾಗಿನ ಕಾವಲು ತೆಗೀತದ. ಆದ್ರ ಈಗ ಜೀವಕ್ಕ ಬಂದಿದ್ದು ಟಿಬಿ. ತಲಿಗಿ ಏರ್ಯದ."

ನನಗೆ ಮೊದಲಿನ ಮಾತು ಮಾತ್ರ ಕೇಳಿಸಿತು. ಅತ್ತೆಗೆ ಎರಡನೆಯದು ಕೇಳಿಸಿತು.

"ಟಿಬಿಗಿ ಔಷಧ ಅದ ಅಲ್ರಿ?" ಎಂದಳು.

"ಅದರಿ ಆಯಿ."

"ಇನ್ನೊಂದಕ್ಕ?"

"ಅದಕ್ಕೂ ಅದರಿ. ದಿನಾ ನುಂಗಬೇಕು, ಅಷ್ಟ. ಮೊದಲ ಬರಬೇಕಿತ್ತು."

ಅತ್ತೆ ಆ ಕೊನೆಯ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಎದ್ದಳು. ನನ್ನ ರಕ್ತವನ್ನೂ ತಪಾಸಣೆ ಮಾಡಿದರು. ಬಂದ ಫಲಿತಾಂಶ ನಿಮಗೆ ಗೊತ್ತಿದೆ. ಆ ವಾರದಲ್ಲೇ ಆನಂದ ಹೋದ.

ಅವನನ್ನು ಭಾಲ್ಕಿಗೆ ತಂದಾಗ ಬಾಗಿಲಲ್ಲಿ ನಿಂತಿದ್ದವರಿಗೆಲ್ಲ ನನ್ನ ಭಾವ ಸಿದ್ಧಾರ್ಥ 'ಹಾರ್ಟ್ ಅಟ್ಯಾಕ್' ಎಂದು ಹೇಳಿ ಆಗಿತ್ತು. ಭಾವ ಕೆಟ್ಟವರಲ್ಲ. ತಮ್ಮನಿಗಾಗಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತವರು. ಆದರೆ ನನ್ನ ನಾದಿನಿ ವೈಶಾಲಿಯ ಲಗ್ನ ಕಮಲನಗರದ ಒಂದು ಮನೆಯಲ್ಲಿ ಗೊತ್ತಾಗಿತ್ತು, ಹುಡುಗ ಬ್ಯಾಂಕಿನಲ್ಲಿದ್ದ. ತಂದೆ ಇಲ್ಲದ ಮನೆಯಲ್ಲಿ ತಂಗಿಯ ಲಗ್ನ ಅವರ ಹೆಗಲ ಮೇಲಿತ್ತು. ಹೃದಯಾಘಾತದಲ್ಲಿ ಒಂದು ಅನುಕೂಲವಿದೆ, ಅದಕ್ಕೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ತೊಡಕು ಇದ್ದದ್ದು ನನ್ನ ಕೆಮ್ಮಿನಲ್ಲಿ. ಗಂಡ ಹಾಸಿಗೆ ಹಿಡಿಯುವ ಮುಂಚಿನಿಂದಲೂ ಅದು ಇತ್ತು. ಸಂಜೆಯಾದರೆ ಮೈ ಕಾಯುತ್ತಿತ್ತು, ಬ್ಲೌಸಿನ ತೋಳು ಸಡಿಲವಾಗುತ್ತಿತ್ತು. ನಾನೇ ಹೊಲಿದ ಬ್ಲೌಸು, ಅಳತೆ ನನಗೆ ಗೊತ್ತಿಲ್ಲವೆ? ಬೀದರಿನಿಂದ ಹೊರಡುವಾಗ ಡಾಕ್ಟರಮ್ಮ ತಡಮಾಡಬೇಡಿ ಎಂದು ಎರಡೆರಡು ಸಲ ಹೇಳಿದ್ದರು. ಭಾವ ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು.

"ಮಹಾನಂದಾ, ಲಗ್ನ ಒಂದ್ ಆಗಿಬಿಡ್ಲಿ. ಆಮ್ಯಾಲ ನಾನ ಕರ್ಕೊಂಡ್ ಹೋಗ್ತೇನಿ. ಈಗ ನೀ ಆ ದವಾಖಾನ್ಯಾಗ ಕಾಣಿಸಿಕೊಂಡ್ರ ನಾವು ಹೇಳಿದ್ದು ಸುಳ್ಳ ಆಗ್ತದ."

ಲಗ್ನ ದೀಪಾವಳಿಯ ಆಚೆಗಿತ್ತು. ಆನಂದನಿಗೆ ತಲೆನೋವಿನಿಂದ ಚಿತೆಗೆ ಹೋಗಲು ಅಷ್ಟು ದಿನ ಬೇಕಾಗಿರಲಿಲ್ಲ. ನಾನು 'ಹ್ಞೂಂ ಭಾವಾರಿ' ಎಂದೆ. ಗಂಡನಿಲ್ಲದ ಸೊಸೆ ಮತ್ತೇನು ಹೇಳಬೇಕು? ಒಲೆಯ ಮುಂದೆ ಕೂತು ಸೆರಗಿಗೆ ಬಾಯಿಟ್ಟು ಕೆಮ್ಮಿದೆ. ಅತ್ತೆ ಅಂಗಳದಲ್ಲಿ ಮಿಶ್ರಿ ತಿಕ್ಕುತ್ತಿದ್ದಳು. ಅಷ್ಟು ದಿನ ಆಕೆಯೂ ಏನೂ ಮಾತಾಡಿರಲಿಲ್ಲ. ಮಗನ ಸುಳ್ಳಿಗೆ ಆಕೆಯ ಒಪ್ಪಿಗೆ ಇದೆ ಎಂದುಕೊಂಡೆ. ಸಾಯುತ್ತೇನೆ ಎಂದು ಮೊದಲ ಸಲ ಅನಿಸಿದ್ದು ಆಗ, ದವಾಖಾನೆಯಲ್ಲಿ ಫಲಿತಾಂಶ ಹೇಳಿದಾಗ ಅಲ್ಲ.

ಪುಣ್ಯಾನುಮೋದನದ ದಿನ ಭಾವ ಯಾವ ಕೊರತೆಯನ್ನೂ ಮಾಡಲಿಲ್ಲ. ತಮ್ಮನ ಗೌರವಕ್ಕೆಂದು ಒಂದು ಸೌಂಡ್ ಬಾಕ್ಸು ಹೆಚ್ಚು ತರಿಸಿ ಓಣಿಯ ಬಾಯಿಗೆ, ರಸ್ತೆಯ ಕಡೆ ಮುಖ ಮಾಡಿ ಇಡಿಸಿದ್ದರು. ಕಮಲನಗರದಿಂದ ಹುಡುಗನ ತಂದೆ, ಕಾಕಾ, ಇನ್ನಿಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಭಂತೇಜಿ ಪಂಚಶೀಲ ಹೇಳಿಸಿದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ತಪ್ಪು ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಎಲ್ಲರೂ ಹೇಳಿದೆವು, ನಾನೂ ಕೆಮ್ಮು ತಡೆದುಕೊಂಡು ಹೇಳಿದೆ. ಮುಗಿದ ಮೇಲೆ ಶಾಲೆಯ ಹೆಡ್ ಮಾಸ್ತರು ಎದ್ದು, ಇಂಥ ಸಣ್ಣ ವಯಸ್ಸಿಗೆ ಹೃದಯಾಘಾತ ಎಂದರೆ ನಂಬಲು ಆಗುವುದಿಲ್ಲ ಎಂದರು. ಅವರ ಹಿಂದೆ ಇನ್ನೊಬ್ಬರು, ಮಾಸ್ತರದು ಬಹಳ ಮೆತ್ತನೆಯ ಹೃದಯ, ಅದಕ್ಕೇ ತಡೆಯಲಿಲ್ಲ ಎಂದರು. ಮೂರನೆಯವರು ಹೃದಯಕ್ಕೆ ಎಣ್ಣೆ ಪದಾರ್ಥ ಒಳ್ಳೆಯದಲ್ಲ ಎಂದು ಸಲಹೆಯನ್ನೂ ಕೊಟ್ಟರು.

ಆಗ ಅತ್ತೆ ಹೆಂಗಸರ ಸಾಲಿನಿಂದ ಎದ್ದಳು. ಅಳಲಿಕ್ಕೆ ಎದ್ದಿದ್ದಾಳೆ ಎಂದು ಇಬ್ಬರು ಹೆಂಗಸರು ಹಿಡಿದುಕೊಳ್ಳಲು ಹೋದರು. ಆಕೆ ಅವರ ಕೈ ಸರಿಸಿ ಮೈಕು ಈಸಿಕೊಂಡಳು. ಜೀವಮಾನದಲ್ಲಿ ಮೈಕು ಹಿಡಿದವಳಲ್ಲ. ಬಾಯಿಗೆ ತೀರಾ ಹತ್ತಿರ ಹಿಡಿದಿದ್ದರಿಂದ ಮೊದಲ ಮಾತು ಗುಡುಗಿದಂತೆ ರಸ್ತೆಯ ತನಕ ಹೋಯಿತು.

"ನಾ ಆನಂದನ ತಾಯಿ. ಈಗ ಎಲ್ಲಾರೂ ಕೈಮುಗಿದು ಸುಳ್ಳ ಆಡಂಗಿಲ್ಲ ಅಂದೀವಿ. ಅಂದು ಇನ್ನಾ ನೀರ್ ಸುದ್ದಾ ಕುಡದಿಲ್ಲ. ನನ್ನ ಮಗಗ ಹಾರ್ಟ್ ಅಟ್ಯಾಕ್ ಆಗಿಲ್ರಿ. ಅವನ ಎದಿ ಗಟ್ಟಿ ಇತ್ತು. ಅವಗ ಎಚ್‌ಐವಿ ಇತ್ತು. ಅದರ ಗುಳಿಗಿ ಸಿಗ್ತಾವ. ತರ್ಲಾಕ ಹೋದ್ರ ಯಾರರ ನೋಡ್ತಾರಂತ ಅವ ಹೋಗ್ಲಿಲ್ಲ. ಟಿಬಿ ಬಂತು, ತಲಿಗಿ ಏರ್ತು. ಟಿಬಿಗೂ ಔಷಧ ಅದ. ಎರಡಕ್ಕೂ ಔಷಧ ಇದ್ದು ಸತ್ತಾನ ನನ್ನ ಮಗ. ನಿಮಗ ಅಂಜಿ ಸತ್ತಾನ. ನೀವೆಲ್ಲಾ ಛಲೋ ಮಂದಿ ಇದ್ದೀರಿ, ಅವ ಸುಮ್ಮ ಅಂಜಿದ."

ನನ್ನ ಕಡೆ ನೋಡಿದಳು. ಈಗ ನನ್ನ ಹೆಸರೂ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ.

"ನನ್ನ ಸೊಸಿಗಿ ಕೆಮ್ಮ ಅದ. ನಾಳಿ ಬೀದರ ದವಾಖಾನಿಗಿ ಒಯ್ತೇನಿ. ಯಾರರ ಕೇಳಿದ್ರ ಹೇಳ್ರಿ, ಗಯಾಬಾಯಿ ಸೊಸಿನ್ನ ಒಯ್ದಾಳ ಅಂತ. ಈಗ ಊಟ ಮಾಡ್ರಿ."

ಓಣಿಯ ಬಾಯಲ್ಲಿ ಭಜಿ ತಿನ್ನುತ್ತಿದ್ದವರು ಕೂಡ ತಿರುಗಿ ನಿಂತಿದ್ದರು. ಆಗ ಭಂತೇಜಿ ಕಣ್ಣು ಮುಚ್ಚಿಕೊಂಡು, ಎಂದಿನ ದನಿಯಲ್ಲೇ, 'ಸಾಧು' ಎಂದರು. ಒಳ್ಳೆಯದಾಯಿತು, ಒಪ್ಪಿದೆ ಎಂದು ಅರ್ಥ. ನಮ್ಮ ಜನರಿಗೆ ಅದೊಂದು ರೂಢಿ, ಭಂತೇಜಿ ಸಾಧು ಎಂದರೆ ಎಲ್ಲರೂ ಹಿಂದೆ ಹೇಳಬೇಕು. ಅಭ್ಯಾಸಬಲದಿಂದ ಇಡೀ ಶಾಮಿಯಾನ ಸಾಧು, ಸಾಧು, ಸಾಧು ಎಂದಿತು. ಕಮಲನಗರದ ಬೀಗರೂ ಅಂದರು. ಅಂದಮೇಲೆ ಏನಂದೆವು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅರ್ಧ ಜನ ಉಂಡರು, ಅರ್ಧ ಜನಕ್ಕೆ ತುರ್ತು ಕೆಲಸ ನೆನಪಾಯಿತು. ಭಾವ ಹಿತ್ತಲಿಗೆ ಹೋಗಿ ನೀರಿನ ಟಾಕಿಯ ಮೇಲೆ ಬೆನ್ನು ತಿರುಗಿಸಿ ಕೂತರು. ನನಗೆ ಅತ್ತೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ನನ್ನ ಹೆಸರು ಹೇಳದಿದ್ದರೇನು, ಊರಿಗೆ ಲೆಕ್ಕ ಹಾಕಲು ಬರುವುದಿಲ್ಲವೆ? ಆದರೆ ಆ ಸಿಟ್ಟಿನ ಕೆಳಗೆ ಬೇರೊಂದು ಇತ್ತು. ಎಷ್ಟೋ ದಿನಗಳಿಂದ ಮೊದಲ ಸಲ ನಾನು ಸೆರಗು ತೆಗೆದು, ಎಲ್ಲರೆದುರು, ಎದೆ ತುಂಬ ಕೆಮ್ಮಿದೆ. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಮರುದಿನ ಬಸ್ಸು ಹಿಡಿದೆವು. ಅತ್ತೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ದವಾಖಾನೆಯವರು ಕಫ ಕೊಡಲು ನನ್ನ ಕೈಗೆ ಸಣ್ಣ ಡಬ್ಬಿ ಕೊಟ್ಟಾಗ, ಅತ್ತೆ ಮರದ ಕೆಳಗೆ ನನ್ನ ಹಿಂದೆ ನಿಂತು, 'ಇನ್ನಾ ಒಳಗಿಂದ ತೆಗಿ, ಅದ್ಯಾನ್ ಮುತ್ತೈದಿ ಕೆಮ್ಮು' ಎಂದು ಬೈದಳು. ಅಂದಮೇಲೆ ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ನಕ್ಕೆವು. ಆನಂದ ಹೋದಮೇಲೆ ನಕ್ಕದ್ದು ಅದೇ ಮೊದಲು.

ನನಗೂ ಟಿಬಿ. ಪುಪ್ಪುಸದಲ್ಲೇ ಇತ್ತು, ಮೇಲೆ ಏರಿರಲಿಲ್ಲ. ಇನ್ನೂ ಕೆಲವು ವಾರ ಬಿಟ್ಟು ಬಂದಿದ್ದರೆ ಏನು ಎಂದು ಅತ್ತೆ ಕೇಳಿದಳು. ಡಾಕ್ಟರಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟರು. ಮೊದಲು ಟಿಬಿಯ ಗುಳಿಗೆ, ಅವು ಮೈಗೆ ಹೊಂದಿದ ಮೇಲೆ ಎಚ್‌ಐವಿಯವು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಹೇಳಿಕಳಿಸಿದರು, ಆದರೂ ಹೆದರಿದೆ. ವಾಕರಿಕೆ, ಸಂಕಟ, ಬಾಯಲ್ಲಿ ಕಬ್ಬಿಣದ ರುಚಿ. ಗುಳಿಗೆ ಬಿಸಾಡಿ ಆನಂದನ ಹಿಂದೆ ಹೋಗಿಬಿಡಲೆ ಎನಿಸಿದ ದಿನಗಳಿದ್ದವು. ಇದನ್ನು ಓದುತ್ತಾ ಅದೇ ವಾಕರಿಕೆಯಲ್ಲಿ ಕೂತವರು ಯಾರಾದರೂ ಇದ್ದರೆ ಕೇಳಿ. ಅದು ಹೋಗುತ್ತದೆ. ನನ್ನದು ಹೋಯಿತು, ಒಂದು ದಿನ ಬೆಳಿಗ್ಗೆ ಬೇಳೆಗೆ ಒಗ್ಗರಣೆ ಹಾಕಿದ ವಾಸನೆಗೆ ಹಸಿವಾಯಿತು.

ಮನೆಯಲ್ಲಿ ಅತ್ತೆ ತನ್ನದೇ ಕಾನೂನು ಮಾಡಿದಳು. ಒಂದು ರೋಗ ತಟ್ಟೆಯಿಂದ ಹರಡುವುದಿಲ್ಲ, ಇನ್ನೊಂದು ಕೆಮ್ಮಿನಿಂದ ಹರಡುತ್ತದೆ ಎಂದು ದವಾಖಾನೆಯಲ್ಲಿ ಕೇಳಿಕೊಂಡು ಬಂದಿದ್ದಳಲ್ಲ, 'ತಾಟ ಒಂದ, ಗಾಳಿ ಬ್ಯಾರೆ' ಎಂದಳು. ಕಫ ತಪಾಸಣೆ ಸರಿಯಾಗುವ ತನಕ ನಾನು ಅಂಗಳದ ಆ ತುದಿಗೆ, ಆಕೆ ಈ ತುದಿಗೆ. ಊಟ ಮಾತ್ರ ಒಂದೇ ತಟ್ಟೆಯಲ್ಲಿ, ಅದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ಬಂದುಹೋಗುವವರಿಗೆ ಕಾಣಲಿ ಎಂದೇ ಬಾಗಿಲು ತೆರೆದಿಡುತ್ತಿದ್ದಳು.

ಬೆಲೆ ತೆರಬೇಕಾಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಕಮಲನಗರದವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ವೈಶಾಲಿ ತಾಯಿಯ ಜೊತೆ ಮಾತು ಬಿಟ್ಟಳು. 'ವೈನಿ, ಅವ್ವಗ ಹೇಳು, ಸಾರಿಗಿ ಉಪ್ಪ ಕಮ್ಮಿ ಅದ' ಎಂದು ಎದುರಿಗೇ ಕೂತ ತಾಯಿಗೆ ನನ್ನ ಮೂಲಕ ಹೇಳುತ್ತಿದ್ದಳು. ಎಷ್ಟೋ ತಿಂಗಳು ನಡುವೆ ಕೂತು ನಾನು ಉಪ್ಪು ಖಾರದ ಸುದ್ದಿ ಸಾಗಿಸಿದೆ. ಅತ್ತೆ ಒಮ್ಮೆಯೂ ಮಗಳ ಮೇಲೆ ರೇಗಲಿಲ್ಲ. ಒಂದು ಮಧ್ಯಾಹ್ನ ಹುಣಸೆ ಬೀಜ ಬಿಡಿಸುತ್ತಾ ತನ್ನಷ್ಟಕ್ಕೆ ಹೇಳಿದಳು, "ಅಕಿ ಸಿಟ್ಟ ಖರೆ ಅದ. ಲಗ್ನ ಮತ್ತೊಂದ್ ಬರ್ತದ. ಸೊಸಿ ಹೋದ್ರ ಬರ್ತಿದ್ದಿಲ್ಲ." ವೈಶಾಲಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ಮುಂದೆ ಉದಗೀರಿನ ಒಬ್ಬ ಹುಡುಗ ನೋಡಲು ಬಂದಾಗ, ಚಹಾ ಕೊಡುವ ಮುಂಚೆಯೇ, 'ನಮ್ಮ ಅಣ್ಣ ಯಾನಾಗಿ ಸತ್ತ ಅಂತ ಮೊದಲ ಕೇಳ್ರಿ' ಎಂದು ತಾನೇ ಶುರುಮಾಡಿದಳು. ಈಗ ಎರಡು ಮಕ್ಕಳ ತಾಯಿ. ಭಾವ ಕೂಡ ಬದಲಾದರು. ಬಸ್ಸು ನಿಂತ ದಿನಗಳಲ್ಲಿ ನನ್ನ ಗುಳಿಗೆ ತರಲು ಬೈಕಿನ ಮೇಲೆ ಬೀದರಿಗೆ ಹೋಗಿ, ಆನಂದ ಹೆದರಿದ ಅದೇ ಸಾಲಿನಲ್ಲಿ ನಿಂತು ಬಂದರು.

ಆ ಸಾಲಿನ ಬಗ್ಗೆ ಹೇಳಬೇಕು. ಗುಳಿಗೆ ಕೊಡುವ ಆ ಕೋಣೆಯ ಮುಂದೆ ಯಾರೂ ಯಾರ ಊರನ್ನೂ ಕೇಳುವುದಿಲ್ಲ. ಸೆರಗು ಮೂಗಿನ ತನಕ, ಟೋಪಿ ಹುಬ್ಬಿನ ತನಕ. ಕಂಬದ ಹಿಂದಿನ ಜಾಗಕ್ಕೆ ಎಲ್ಲಿಲ್ಲದ ಪೈಪೋಟಿ. ಅತ್ತೆ ಮೊದಲ ದಿನವೇ ನಟ್ಟನಡುವಿನ ಬೆಂಚಿನ ಮೇಲೆ ಕೂತು, ರೊಟ್ಟಿ ಬಿಚ್ಚಿ, ಪಕ್ಕದವಳಿಗೆ 'ಯಾ ಊರರಿ ನಿಮ್ಮದು?' ಎಂದಳು. ಆ ಹೆಂಗಸು ಎದ್ದೇ ಹೋದಳು. ಕೆಲವು ತಿಂಗಳ ನಂತರ ಅದೇ ಹೆಂಗಸು ಅತ್ತೆಗೆಂದು ಔರಾದಿನಿಂದ ಹಸಿ ಕಡಲೆ ತಂದಳು.

ಅಲ್ಲಿ ಯಾರಾದರೂ ಬರುವುದು ನಿಂತರೆ, ಉಳಿದವರು ತಲೆ ತಗ್ಗಿಸಿ, 'ಹೋದ' ಎನ್ನುತ್ತಾರೆ. ಅಷ್ಟಕ್ಕೇ ಮುಗಿಯುತ್ತದೆ. ಎಲ್ಲರಿಗೂ ಅದೇ ಹೆದರಿಕೆ, ಅದೇ ಕಾಯಿಲೆ, ಕೇಳುವುದೇನು? ಅತ್ತೆ ಕೇಳುತ್ತಾಳೆ. "ಯಾನಾಗಿ?" ಆ ರೋಗ ಎಂದರೆ ಒಪ್ಪುವುದಿಲ್ಲ. "ಅದು ಇತ್ತು ಬಿಡ್ರಿ. ಸತ್ತಿದ್ದು ಯಾನಾಗಿ?" ಹಾಗೆ ಕೇಳಿ ಕೇಳಿ ನಾವು ಮಾತಾಡಲು ಕಲಿತೆವು. ಒಬ್ಬ ಬೂದಿ ಕೊಡುವ ಬಾಬಾನ ಮಾತು ಕೇಳಿ ಗುಳಿಗೆ ಬಿಟ್ಟಿದ್ದ. ಇನ್ನೊಬ್ಬ ಗುಳಿಗೆ ಬಿಡಲಿಲ್ಲ, ಕುಡಿಯುವುದನ್ನೂ ಬಿಡಲಿಲ್ಲ, ಲಿವರ್ ಹೋಯಿತು. ಒಬ್ಬಳಿಗೆ ಆನಂದನದೇ ಟಿಬಿ, ಆಕೆಯೂ ತಡವಾಗಿ ಬಂದಳು. ಒಬ್ಬ ಅಜ್ಜನಿಗೆ ನಿಜವಾಗಿಯೂ ಹಾರ್ಟ್ ಅಟ್ಯಾಕ್, ಅತ್ತೆ ಮೊದಲು ನಂಬಲಿಲ್ಲ, ಎರಡು ಸಲ ವಿಚಾರಿಸಿದಳು. ಪ್ರತಿಯೊಂದು ಉತ್ತರದ ನಂತರ ನನ್ನ ಕಡೆ ತಿರುಗಿ ನೋಡುತ್ತಿದ್ದಳು, ಕೇಳಿದೆಯಾ ಎಂಬಂತೆ. ನಾನು ಆಮೇಲೆ ಹೃದಯ, ರಕ್ತದೊತ್ತಡ, ಸಕ್ಕರೆ ಎಲ್ಲ ತೋರಿಸಿಕೊಳ್ಳತೊಡಗಿದ್ದು ಹೀಗೆ. ಒಂದೇ ಬಾಗಿಲು ಕಾಯುತ್ತಾ ಕೂತರೆ ಸಾವು ಬೇರೆ ಬಾಗಿಲಿನಿಂದ ಬರುತ್ತದೆ ಎನ್ನುವುದು ನಮಗೆ ಅಲ್ಲಿ ತಿಳಿಯಿತು.

ಔರಾದಿನ ಒಬ್ಬ ಕಾಕಾ ಇದ್ದರು, ಆ ಸಾಲಿನಲ್ಲೇ ಎಲ್ಲರಿಗಿಂತ ಹಳಬರು, ಹೊಸಬರನ್ನು ನಗಿಸುವವರು. ಒಂದು ಸಲ ಅವರು ಬರಲಿಲ್ಲ. ಹೋದರು ಎಂದು ಯಾರೋ ಅಂದರು.

"ಯಾನಾಗಿ?" ಅತ್ತೆ ರೊಟ್ಟಿಯ ಗಂಟು ಕೆಳಗಿಟ್ಟು ಕೇಳಿದಳು.

"ಬೈಕ್ ಮ್ಯಾಲ ಹೊಂಟಿದ್ರು ಆಯಿ. ಎಮ್ಮಿ ಅಡ್ಡ ಬಂತು."

ಅತ್ತೆ ಕಣ್ಣು ಒರೆಸಿಕೊಂಡಳು. ಆಮೇಲೆ ನಿಧಾನವಾಗಿ ಆಕೆಯ ಮುಖ ಅರಳಿತು. "ಎಮ್ಮಿ ಹಾಯ್ದು ಸತ್ತನಾ? ಹಂಗಾದ್ರ ಗುಳಿಗಿ ತಮ್ಮ ಕೆಲಸ ಮಾಡ್ಯಾವ." ಕಂಬದ ಹಿಂದೆ ಕೂತವರೂ ನಕ್ಕರು, ಅಳುತ್ತಲೇ ನಕ್ಕರು. ಕಾಕಾ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು.

ನನ್ನ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಸಾಧುವೂ ಅಲ್ಲ, ಬಾಯಿ ಕೆಟ್ಟದು. ಆದರೆ ಹೆತ್ತ ಮಗನ ಸಾವನ್ನು ಸುಳ್ಳಿನಲ್ಲಿ ಸುತ್ತಿಡದೆ ಅದರಿಂದ ಇನ್ನೊಬ್ಬಳ ಜೀವ ಉಳಿಸಿದಳು. ಆಕೆಯಷ್ಟು ಧೈರ್ಯದ ಮನುಷ್ಯರನ್ನು ನಾನು ಕಂಡಿಲ್ಲ. ಇದನ್ನು ಆಕೆಯೆದುರು ಹೇಳಿದರೆ ಬೈಯುತ್ತಾಳೆ, ಅದಕ್ಕೇ ಇಲ್ಲಿ ಬರೆದೆ.

ಈಗ ಆಕೆಗೆ ವಯಸ್ಸಾಗಿದೆ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ನನ್ನ ರಕ್ತದಲ್ಲಿ ವೈರಸ್ಸು ತಪಾಸಣೆಗೂ ಕಾಣದಷ್ಟು ಕಡಿಮೆಯಾಗಿದೆ, ಆಕೆಯ ಸಕ್ಕರೆ ಮಾತ್ರ ಕದ್ದು ತಿಂದ ಜಿಲೇಬಿಯನ್ನು ಹೇಳಿಬಿಡುತ್ತದೆ. ಈಚೆಗೆ ಬೀದರಿನಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ನೋಡುತ್ತಾ ಅಂದಳು.

"ಮಹಾನಂದಾ, ನನ್ನ ಪುಣ್ಯಾನುಮೋದನದಾಗ ನೀನ ಮಾತಾಡಬೇಕು. ಹೊಗಳಬ್ಯಾಡ. ಯಾನಾಗಿ ಸತ್ತಳು ಅಂತ ಖರೆ ಹೇಳು, ಕೂಡು."

"ಯಾನಂತ ಹೇಳ್ಲಿ ಅತ್ತಿ?"

"ಮುಪ್ಪಿಗಿ ಸತ್ತಳು ಅಂತ ಹೇಳು."

ನಾನು ಆಕೆಯ ಚೀಲದಿಂದ ಸಕ್ಕರೆಯ ಗುಳಿಗೆ ತೆಗೆದು ಕೊಟ್ಟೆ. ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡು ಮತ್ತೆ ಹೇಳಿದಳು.

"ನಿಂದೂ ಅದ ಆಗಬೇಕು, ನೋಡು. ನೀ ಸತ್ತ ದಿನ ಮೈಕ್ ಹಿಡ್ದಾವ್ರು ಮುಪ್ಪಿಗಿ ಸತ್ತಳು ಅನ್ನಬೇಕು. ಮತ್ತ ಅವರು ಸುಳ್ಳ ಹೇಳಿರಬಾರ್ದು."

ಭಾಲ್ಕಿಯಲ್ಲಿ ಆಕೆಯ ಕೈ ಹಿಡಿದು ಇಳಿಸಿಕೊಂಡೆ. ಮನೆಗೆ ಹೋಗಿ ಚಹಾ ಮಾಡಿದೆ, ಆಕೆಗೆ ಸಕ್ಕರೆ ಇಲ್ಲದ್ದು, ನನಗೆ ಸಕ್ಕರೆ ಹಾಕಿದ್ದು. ಆಮೇಲೆ ಗೋಡೆಯ ಗಡಿಯಾರ ನೋಡಿ ನನ್ನ ಗುಳಿಗೆ ನುಂಗಿದೆ.